ಡಬ್ಬಿಯ ಲೈಸೀನ್ ಮತ್ತು ಸೌಟಿನ ತೊವ್ವೆ

ಪರಊರಿನಲ್ಲಿ ದುಡಿದು ಬದುಕುವವನಿಗೆ ಶರೀರವೇ ಬಂಡವಾಳ. ಹೊಟೇಲಿನ ಒಲೆಯ ಮುಂದೆ ನಿಂತವನಿಗೂ ಕಚೇರಿಯ ಮೇಜಿನ ಮುಂದೆ ಕುಳಿತವನಿಗೂ ಈ ಮಾತು ಸಮಾನವಾಗಿ ಸಲ್ಲುತ್ತದೆ. ಆ ಬಂಡವಾಳಕ್ಕೆ ಎಲ್ಲಿ ನಷ್ಟ ತಗಲುವುದೋ ಎಂಬ ಅಂಜಿಕೆ ಎಲ್ಲರಲ್ಲಿಯೂ ಇರುವುದು ಸಹಜ. ಆ ಅಂಜಿಕೆಯನ್ನೇ ಆಧಾರವಾಗಿಟ್ಟುಕೊಂಡು ವ್ಯಾಪಾರ ನಡೆಸುವವರು ಇರುವುದೂ ಅಷ್ಟೇ ಸಹಜ. ಇಂದು ಔಷಧದ ಅಂಗಡಿಗಳ ಗಾಜಿನ ಕಪಾಟುಗಳಲ್ಲಿ, ವ್ಯಾಯಾಮಶಾಲೆಗಳ ಗೋಡೆಗಳ ಮೇಲೆ, ಕೈಯಲ್ಲಿರುವ ಮೊಬೈಲಿನ ಪರದೆಯಲ್ಲಿ, ಎಲ್ಲೆಲ್ಲಿಯೂ ‘ಅಮೈನೋ ಆಮ್ಲ’ಗಳ ಪುಡಿ, ಸೀಸೆ, ಗುಳಿಗೆಗಳ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಅವುಗಳಲ್ಲಿ ಲೈಸೀನ್ ಎಂಬ ಒಂದು ಹೆಸರು ಮಕ್ಕಳ ಹಸಿವಿನ ಟಾನಿಕ್ಕಿನಿಂದ ಹಿಡಿದು ತರುಣರ ಮೈಕಟ್ಟಿನ ಪುಡಿಯವರೆಗೆ ಹಲವು ಕಡೆ ಕಾಣಿಸಿಕೊಳ್ಳುತ್ತದೆ. ತಿಂಗಳ ಸಂಬಳದಲ್ಲಿ ಊರಿಗೆ ಕಳಿಸಿ ಉಳಿದ ನಾಲ್ಕು ಕಾಸನ್ನು ಇದಕ್ಕೆ ಹಾಕಬಹುದೇ ಎಂಬ ಪ್ರಶ್ನೆ ನಮ್ಮ ವಾಚಕರ ಮುಂದಿದೆ. ಅದನ್ನು ಲೇವಡಿ ಮಾಡದೆ, ಮರುಳಾಗದೆ ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಮೊದಲು ವಸ್ತುವಿನ ಪರಿಚಯವಾಗಲಿ. ನಾವು ಸಸಾರಜನಕವೆಂದೂ ಈಗಿನವರು ಪ್ರೋಟೀನ್ ಎಂದೂ ಕರೆಯುವ ಆಹಾರಾಂಶವು ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಜೋಡಣೆಯಿಂದ ಆದದ್ದು. ಇವುಗಳಲ್ಲಿ ಒಂಬತ್ತನ್ನು ಶರೀರವು ತಾನಾಗಿ ತಯಾರಿಸಿಕೊಳ್ಳಲಾರದು. ಅವು ಊಟದಿಂದಲೇ ಬರಬೇಕು. ಲೈಸೀನ್ ಆ ಒಂಬತ್ತರಲ್ಲಿ ಒಂದು. 1889ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಡ್ರೆಕ್ಸೆಲ್ ಇದನ್ನು ಹಾಲಿನ ಸಸಾರಜನಕದಿಂದ ಬೇರ್ಪಡಿಸಿದನು. 1914ರಲ್ಲಿ ಅಮೆರಿಕೆಯ ಆಸ್ಬರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು ಎಳೆಯ ಇಲಿಗಳಿಗೆ ಸಸಾರಜನಕದ ಬಾಬ್ತು ಗೋಧಿಯ ಒಂದು ಅಂಶವನ್ನು ಮಾತ್ರ ಕೊಟ್ಟು ಸಾಕಿದಾಗ ಅವು ಬದುಕಿದುವು, ಆದರೆ ಬೆಳೆಯಲಿಲ್ಲ. ಅದೇ ಆಹಾರಕ್ಕೆ ಲೈಸೀನನ್ನು ಬೆರೆಸಿದೊಡನೆ ಬೆಳೆಯತೊಡಗಿದುವು. ಅಂದಿನಿಂದ ಈ ಆಮ್ಲದ ಮಹತ್ತ್ವದ ಬಗ್ಗೆ ವಿಜ್ಞಾನಕ್ಕೆ ಸಂದೇಹ ಉಳಿದಿಲ್ಲ. ಸ್ನಾಯು, ಚರ್ಮ, ಮೂಳೆಯ ಒಳಹಂದರ ಇವೆಲ್ಲಕ್ಕೂ ಅದು ಬೇಕು.

ಒಂದು ಆಮ್ಲ ಕಡಮೆಯಾದರೆ ಉಳಿದವುಗಳಿಗೇನು ಬಾಧೆ ಎಂದು ಕೇಳಬಹುದು. ಹೊಟೇಲಿನಲ್ಲಿ ದುಡಿಯುವವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಐವತ್ತು ಊಟಕ್ಕಾಗುವಷ್ಟು ಅನ್ನ, ಪಲ್ಯ, ಹಪ್ಪಳ ಸಿದ್ಧವಿದ್ದು, ಹುಳಿ ಮಾತ್ರ ಮೂವತ್ತು ಊಟಕ್ಕಾಗುವಷ್ಟೇ ಇದ್ದರೆ ಆ ದಿನ ಗಲ್ಲಾದವರು ಮೂವತ್ತೇ ಊಟದ ಟೋಕನ್ನು ಕೊಡಬೇಕಾಗುತ್ತದೆ. ಉಳಿದ ಅನ್ನ ಇದ್ದೂ ಊಟವಾಗದು. ಶರೀರದ ಲೆಕ್ಕವೂ ಹಾಗೆಯೇ. ಒಂಬತ್ತರಲ್ಲಿ ಯಾವುದು ಎಲ್ಲಕ್ಕಿಂತ ಕೊರತೆಯಾಗಿದೆಯೋ ಅದರ ಮಿತಿಯಲ್ಲಿಯೇ ಸಸಾರಜನಕ ಕಟ್ಟಲ್ಪಡುತ್ತದೆ. ಮಿಕ್ಕವು ಉರುವಲಿನಂತೆ ಉರಿದು ಹೋಗುತ್ತವೆ. ಅಕ್ಕಿ, ಗೋಧಿ, ಜೋಳ, ರಾಗಿ ಮುಂತಾದ ಧಾನ್ಯಗಳಲ್ಲಿ ಹೀಗೆ ಎಲ್ಲಕ್ಕಿಂತ ಮೊದಲು ಕಡಮೆ ಬೀಳುವುದು ಲೈಸೀನ್. ಧಾನ್ಯವನ್ನೇ ಮುಖ್ಯಾಹಾರವಾಗಿ ಉಣ್ಣುವ ನಮ್ಮ ದೇಶದಲ್ಲಿ ಈ ಆಮ್ಲದ ಹೆಸರು ಮಾರಾಟಕ್ಕೆ ಒದಗಿ ಬಂದದ್ದು ಆಕಸ್ಮಿಕವೇನೂ ಅಲ್ಲ.

ಹಾಗಾದರೆ ದಿನಕ್ಕೆ ಎಷ್ಟು ಬೇಕು? ಈ ಪ್ರಶ್ನೆಗೆ ಉತ್ತರ ದೊರಕಿದ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಗೌರವದ ಸ್ಥಾನವಿದೆ. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳು ಕೂಡಿ ನಿಗದಿ ಮಾಡಿದ ಪ್ರಕಾರ ವಯಸ್ಕನೊಬ್ಬನಿಗೆ ದೇಹದ ತೂಕದ ಪ್ರತಿ ಕಿಲೋಗೆ 12 ಮಿಲಿಗ್ರಾಂ ಲೈಸೀನ್ ಸಾಕಾಗಿತ್ತು. ಈ ಅಂದಾಜು ತೀರ ಕಡಮೆಯೆಂದು ವಾದಿಸಿದ ವಿಜ್ಞಾನಿಗಳಿದ್ದರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಅವರ ಸಂಗಡಿಗರು ಭಾರತೀಯ ತರುಣರ ಮೇಲೆ ಇಪ್ಪತ್ತನಾಲ್ಕು ಗಂಟೆಗಳ ಸೂಕ್ಷ್ಮ ಪರೀಕ್ಷೆಗಳನ್ನು ನಡೆಸಿ, ನಿಜವಾದ ಆವಶ್ಯಕತೆ ಕಿಲೋಗೆ ಸುಮಾರು 30 ಮಿಲಿಗ್ರಾಂ ಎಂದು ತೋರಿಸಿದರು. 2007ರಲ್ಲಿ ಪ್ರಕಟವಾದ ಜಾಗತಿಕ ವರದಿ 30 ಮಿಲಿಗ್ರಾಮನ್ನೇ ಅಂಗೀಕರಿಸಿತು. ಬಡ ದೇಶಗಳ ಜನರ ಊಟದಲ್ಲಿ ಕೊರತೆಯೇ ಇಲ್ಲವೆಂದು ಕಾಗದದ ಮೇಲೆ ತೋರುತ್ತಿದ್ದ ಲೆಕ್ಕ ಇದರಿಂದ ಬದಲಾಯಿತು.

ಈ ಲೆಕ್ಕವನ್ನು ನಮ್ಮ ಎಲೆಗೆ ಇಳಿಸಿ ನೋಡೋಣ. ಅರುವತ್ತು ಕಿಲೋ ತೂಕದ ಮನುಷ್ಯನಿಗೆ ದಿನಕ್ಕೆ 1,800 ಮಿಲಿಗ್ರಾಂ ಲೈಸೀನ್ ಬೇಕು. ಆತನು ದಿನಕ್ಕೆ 400 ಗ್ರಾಂ ಅಕ್ಕಿಯ ಅನ್ನವನ್ನು ತಿಳಿಸಾರು, ಉಪ್ಪಿನಕಾಯಿಗಳೊಡನೆ ಉಂಡರೆ ಆ ಅಕ್ಕಿಯಿಂದ ದೊರೆಯುವುದು ಸುಮಾರು 1,100 ಮಿಲಿಗ್ರಾಂ. ಜೀರ್ಣವಾಗದೆ ಹೋಗುವ ಪಾಲನ್ನು ಕಳೆದರೆ ಅದಕ್ಕಿಂತಲೂ ಕಡಮೆ. ಹೊಟ್ಟೆ ತುಂಬಿದೆ, ಆದರೆ 700 ಮಿಲಿಗ್ರಾಮಿನ ಬಾಕಿ ನಿಂತಿದೆ. ಈಗ ಅದೇ ಊಟಕ್ಕೆ 50 ಗ್ರಾಂ ತೊಗರಿಬೇಳೆಯನ್ನು ಸೇರಿಸಿ. ಅದರಿಂದ ಬರುವುದು 700 ಮಿಲಿಗ್ರಾಮಿಗೆ ಮೇಲೆ. ಬಾಕಿ ತೀರಿತು. ಮೇಲೊಂದು ಲೋಟ ಮಜ್ಜಿಗೆ ದೊರೆತರೆ ಕೈಯಲ್ಲಿ ಸ್ವಲ್ಪ ಉಳಿತಾಯವೂ ಆಯಿತು. ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ ಒಂದು ಗುಳಿಗೆಯಲ್ಲಿ 500 ಮಿಲಿಗ್ರಾಂ ಲೈಸೀನ್ ಇರುತ್ತದೆ. ಅಷ್ಟೇ ಲೈಸೀನ್ ಸುಮಾರು 35 ಗ್ರಾಂ ತೊಗರಿಬೇಳೆಯಲ್ಲಿದೆ. ಒಂದು ಲೋಟ ಹಾಲಿನಲ್ಲಿ ಬಹುಮಟ್ಟಿಗೆ ಅಷ್ಟಿದೆ. ಒಂದು ಕೋಳಿಮೊಟ್ಟೆಯಲ್ಲಿ ಅದಕ್ಕಿಂತ ತುಸು ಕಡಮೆ ಇದೆ. ಗುಳಿಗೆಯಲ್ಲಿ ಬರುವುದು ಲೈಸೀನ್ ಒಂದೇ. ಬೇಳೆಯಲ್ಲಾದರೋ ಅದರೊಡನೆ ಉಳಿದ ಆಮ್ಲಗಳೂ ಕಬ್ಬಿಣವೂ ನಾರೂ ಬರುತ್ತವೆ.

ಇಷ್ಟು ಹೇಳಿದ ಮಾತ್ರಕ್ಕೆ ಲೈಸೀನನ್ನು ಬೇರೆಯಾಗಿ ಕೊಡುವುದರಿಂದ ಏನೂ ಪ್ರಯೋಜನವಿಲ್ಲವೆಂದು ಹೇಳಿದಂತಾಗದು. ಪಾಕಿಸ್ತಾನದ ಪೇಶಾವರದ ಕಡೆಯಲ್ಲಿ ಗೋಧಿಯನ್ನೇ ಹೆಚ್ಚಾಗಿ ತಿನ್ನುವ ಕುಟುಂಬಗಳಿಗೆ ಮೂರು ತಿಂಗಳು ಲೈಸೀನ್ ಬೆರೆಸಿದ ಹಿಟ್ಟನ್ನು ಕೊಟ್ಟು ಮಾಡಿದ ಪ್ರಯೋಗದ ವರದಿ 2004ರಲ್ಲಿ ಪ್ರಕಟವಾಯಿತು. ಆ ಮನೆಗಳ ಮಕ್ಕಳ ಬೆಳವಣಿಗೆ ಉಳಿದವರಿಗಿಂತ ಉತ್ತಮವಾಗಿ ಕಂಡಿತು. ಆಫ್ರಿಕದ ಘಾನಾ ದೇಶದಲ್ಲಿ ದಿನಕ್ಕೆ ಒಂದು ಗ್ರಾಂ ಲೈಸೀನ್ ಕೊಟ್ಟ ಮನೆಗಳ ಮಕ್ಕಳಲ್ಲಿ ಭೇದಿಯ ಕಾಟ ಕಡಮೆಯಾದದ್ದು 2010ರ ವರದಿಯಲ್ಲಿದೆ. ಆದರೆ 1970ರ ದಶಕದಲ್ಲಿ ಥಾಯ್ಲೆಂಡಿನ ಹಳ್ಳಿಗಳಲ್ಲಿ ಮಕ್ಕಳು ಉಣ್ಣುವ ಅಕ್ಕಿಗೆ ಲೈಸೀನನ್ನೂ ಇನ್ನೊಂದು ಅಮೈನೋ ಆಮ್ಲವನ್ನೂ ಸೇರಿಸಿ ನಡೆಸಿದ ದೀರ್ಘ ಪ್ರಯೋಗದಲ್ಲಿ ಮಕ್ಕಳ ಬೆಳವಣಿಗೆಯಲ್ಲಿ ಗಮನಾರ್ಹ ಅಂತರವೇನೂ ಕಾಣಲಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಹೊರಡುವ ತಾತ್ಪರ್ಯ ಇಷ್ಟು: ಕೊರತೆ ನಿಜವಾಗಿದ್ದಲ್ಲಿ ಅದನ್ನು ತುಂಬಿದರೆ ಗುಣವುಂಟಾಗಬಹುದು, ಕೊರತೆ ಇಲ್ಲದವನಿಗೆ, ಅಥವಾ ಬೇರೆ ಕೊರತೆಗಳೇ ಮುಂದಾಗಿರುವವನಿಗೆ, ಇದೊಂದರಿಂದ ಆಗುವುದು ಅಲ್ಪ. ಹೊಟ್ಟೆ ತುಂಬ ಅನ್ನವೇ ಇಲ್ಲದ ಮಗುವಿಗೆ ಕೊಟ್ಟ ಅಮೈನೋ ಆಮ್ಲವನ್ನು ಶರೀರವು ಉರುವಲಾಗಿಯೇ ಉರಿಸಿಬಿಡುತ್ತದೆ.

ಇನ್ನು ಜಾಹೀರಾತಿನ ಇತರ ಆಶ್ವಾಸನೆಗಳು. ತುಟಿಯ ಮೇಲೆ ಮರುಕಳಿಸಿ ಏಳುವ ಜ್ವರದ ಗುಳ್ಳೆಗಳನ್ನು ಲೈಸೀನ್ ತಡೆಯುತ್ತದೆ ಎಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ವೈದ್ಯಕೀಯ ಪ್ರಯೋಗಗಳನ್ನು ಒರೆಹಚ್ಚಿ ನೋಡುವ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ 2015ರ ವಿಮರ್ಶೆಯಲ್ಲಿ ಅದಕ್ಕೆ ಆಧಾರ ದೊರೆಯಲಿಲ್ಲ. ಸುಣ್ಣದ ಅಂಶವನ್ನು ಕರುಳು ಹೀರಿಕೊಳ್ಳಲು ಲೈಸೀನ್ ಸಹಾಯಕವೆಂದು 1992ರ ಒಂದು ಸಣ್ಣ ಅಧ್ಯಯನ ಸೂಚಿಸಿತು. ಅದರಿಂದ ಮೂಳೆ ಮುರಿಯುವುದು ತಪ್ಪುತ್ತದೆ ಎಂಬಷ್ಟು ದೂರ ಹೋಗಲು ಆ ಅಧ್ಯಯನ ಸಾಲದು. ಚೆನ್ನಾಗಿ ಉಂಡು ಆಡುವ ಮಗುವನ್ನು ಟಾನಿಕ್ಕಿನಿಂದ ಎತ್ತರ ಬೆಳೆಸುತ್ತೇವೆ ಎನ್ನುವವರ ಮಾತನ್ನು ತಾಯಂದಿರು ನಂಬಬೇಕಾದ ಕಾರಣವಿಲ್ಲ. ಮೈಕಟ್ಟಿನ ಪುಡಿಗಳ ವಿಷಯದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ಸ್ಪಷ್ಟವಾಗಿದೆ: ಮೈ ಬೆಳೆಸಲು ಸಸಾರಜನಕದ ಪುಡಿಗಳನ್ನು ಅವಲಂಬಿಸಬೇಡಿರೆಂದು ಅದು ದೇಶವಾಸಿಗಳಿಗೆ ಹೇಳಿದೆ.

ಡಬ್ಬಿಯ ವಸ್ತುವಿಗೆ ಇನ್ನೊಂದು ತೊಡಕೂ ಉಂಟು. ಅಮೈನೋ ಆಮ್ಲಗಳ ತಯಾರಿಕೆ ಇಂದು ದೊಡ್ಡ ಕೈಗಾರಿಕೆ. ನಮ್ಮ ಹೊಟೇಲು ಬಂಧುಗಳು ಅರಿಯದೆಯೇ ಅದರ ಒಂದು ಉತ್ಪನ್ನವನ್ನು ಬಲ್ಲರು. ‘ಚೈನೀಸ್’ ಅಡುಗೆಗೆ ಚಿಮುಕಿಸುವ ಅಜಿನಮೋಟೊ ಎಂಬ ಬಿಳಿಯ ಪುಡಿ ಗ್ಲುಟಾಮಿಕ್ ಎಂಬ ಅಮೈನೋ ಆಮ್ಲದ ಲವಣವೇ. 1908ರಲ್ಲಿ ಜಪಾನಿನ ಇಕೆಡಾ ಅದರ ರುಚಿಯ ಗುಟ್ಟನ್ನು ಕಂಡುಹಿಡಿದನು. 1950ರ ದಶಕದಲ್ಲಿ ಜಪಾನಿನವರೇ ಸೂಕ್ಷ್ಮಜೀವಿಗಳಿಂದ ಹುದುಗು ಬರಿಸಿ ಮೊದಲು ಆ ಆಮ್ಲವನ್ನು, ಬಳಿಕ ಲೈಸೀನನ್ನು ತಯಾರಿಸುವ ಉಪಾಯವನ್ನು ಕಂಡುಕೊಂಡರು. ಇಂದು ವರ್ಷಕ್ಕೆ ಲಕ್ಷಾಂತರ ಟನ್ನು ಲೈಸೀನ್ ತಯಾರಾಗುತ್ತಿದ್ದು ಅದರ ಬಹುಪಾಲು ಕೋಳಿ, ಹಂದಿಗಳ ಮೇವಿಗೆ ಹೋಗುತ್ತದೆ. ತಯಾರಿಕೆಯಲ್ಲಿ ಶುದ್ಧಿ ತಪ್ಪಿದರೆ ಏನಾಗುವುದೆಂಬುದಕ್ಕೆ ಟ್ರಿಪ್ಟೊಫಾನ್ ಎಂಬ ಮತ್ತೊಂದು ಅಮೈನೋ ಆಮ್ಲದ ಪ್ರಸಂಗ ಸಾಕ್ಷಿಯಾಗಿದೆ. ನಿದ್ರೆಗೆಂದೂ ಮನಸ್ಸಿನ ಉಲ್ಲಾಸಕ್ಕೆಂದೂ ಅದನ್ನು ಸೇವಿಸಿದ ಅಮೆರಿಕೆಯವರಲ್ಲಿ 1989ರಲ್ಲಿ ಸ್ನಾಯುಗಳ ತೀವ್ರ ನೋವಿನ ವ್ಯಾಧಿಯೊಂದು ಹಬ್ಬಿ, 1,500ಕ್ಕೂ ಹೆಚ್ಚು ಮಂದಿ ನರಳಿದರು. ಮೂವತ್ತೇಳಕ್ಕೆ ಕಡಮೆಯಿಲ್ಲದಷ್ಟು ಮಂದಿ ಸತ್ತರು. ಒಂದೇ ಕಾರ್ಖಾನೆಯ ಮಾಲಿಗೆ ಆ ವ್ಯಾಧಿಯ ಜಾಡು ಹತ್ತಿತು. ಲೈಸೀನಿನಿಂದ ಅಂಥ ಅನಾಹುತವಾಗಿಲ್ಲ. ಆದರೂ ಬೀದಿಯ ತಿರುವಿನಲ್ಲಿ ಬಿಲ್ಲಿಲ್ಲದೆ ಮಾರುವ ಪುಡಿಯನ್ನು ಮೈಗೆ ಹಾಕಿಕೊಳ್ಳುವ ಮೊದಲು ಅದನ್ನು ನೆನೆಯುವುದು ಲೇಸು.

ವೈದ್ಯರು ಕಾರಣ ತಿಳಿಸಿ ಬರೆದುಕೊಟ್ಟಾಗ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಆಗಲೂ ಡಬ್ಬಿಯ ಮೇಲಿನ ಬರಹವನ್ನು ಓದಬೇಕು. 2016ರ ಕೇಂದ್ರ ನಿಯಮಗಳ ಪ್ರಕಾರ ಇಂಥ ಪೂರಕಾಹಾರಗಳ ಮೇಲೆ ಇದು ಔಷಧೋಪಯೋಗಕ್ಕಲ್ಲ ಎಂದು ಅಚ್ಚು ಹಾಕಬೇಕಾಗಿದೆ. ರೋಗ ವಾಸಿಮಾಡುವೆನೆಂದು ಮುಂಭಾಗದಲ್ಲಿ ಕೂಗಿ, ಔಷಧವಲ್ಲವೆಂದು ಹಿಂಭಾಗದಲ್ಲಿ ಪಿಸುಗುಟ್ಟುವ ಡಬ್ಬಿಯ ಯೋಗ್ಯತೆಯನ್ನು ವಾಚಕರೇ ಅಳೆಯಬಲ್ಲರು. ಮೂತ್ರಪಿಂಡದ ಕಾಯಿಲೆಯುಳ್ಳವರಂತೂ ವೈದ್ಯರನ್ನು ಕೇಳದೆ ಇದರ ಗೊಡವೆಗೆ ಹೋಗಕೂಡದು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಐವತ್ತು ಗ್ರಾಂ ಬೇಳೆಯಿಂದ ತೀರುವ ಬಾಕಿ ನಮ್ಮವರಲ್ಲಿ ತೀರದೆ ಉಳಿಯುವುದೇಕೆ? ಇಲ್ಲಿ ಒಂದು ವಿಚಿತ್ರವಿದೆ. ಲೈಸೀನಿನ ಈ ಸಮಸ್ಯೆಗೆ ಪರಿಹಾರವನ್ನು ನಮ್ಮ ಅಡಿಗೆ ಭಟ್ಟರೇ ದಿನವೂ ಬೆಳಗಿನ ಜಾವ ಕೈಯಾರೆ ಸಿದ್ಧಪಡಿಸುತ್ತಾರೆ. ಅಕ್ಕಿಯಲ್ಲಿ ಕಡಮೆಯಿರುವ ಲೈಸೀನ್ ಉದ್ದಿನಬೇಳೆಯಲ್ಲಿದೆ. ಬೇಳೆಯಲ್ಲಿ ಕಡಮೆಯಿರುವ ಮೆಥಿಯೊನೀನ್ ಎಂಬ ಇನ್ನೊಂದು ಆಮ್ಲ ಅಕ್ಕಿಯಲ್ಲಿದೆ. ಎರಡನ್ನೂ ಕೂಡಿಸಿ ರುಬ್ಬಿದ ಇಡ್ಲಿ, ದೋಸೆಗಳು ಪರಸ್ಪರ ಕೊರತೆಯನ್ನು ನೀಗಿಕೊಂಡ ಆಹಾರಗಳು. ಸಸಾರಜನಕವನ್ನು ಸಕ್ಕರೆಯಂಶದೊಡನೆ ಅತಿಯಾಗಿ ಕಾಯಿಸಿ ಕಂದು ಬರಿಸಿದಾಗ ಲೈಸೀನಿನ ಒಂದು ಭಾಗ ಶರೀರಕ್ಕೆ ದಕ್ಕದಂತಾಗುತ್ತದೆ. 1912ರಲ್ಲಿ ಫ್ರಾನ್ಸಿನ ಮೆಯಾರ್ ವರ್ಣಿಸಿದ ಕ್ರಿಯೆ ಇದು. ಹಬೆಯಲ್ಲಿ ಬೇಯುವ ಇಡ್ಲಿಗೆ ಆ ನಷ್ಟವೂ ಇಲ್ಲ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ನೆಲಗಡಲೆಯ ಹಿಟ್ಟಿಗೆ ಕಡಲೆಹಿಟ್ಟನ್ನು ಬೆರೆಸಿ ಅಗ್ಗದ ಪೌಷ್ಟಿಕಾಹಾರವನ್ನು ತಯಾರಿಸಿದಾಗಲೂ ಇಂಥ ಕೂಡುವಿಕೆಯನ್ನೇ ನೆಚ್ಚಿದರು. ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆ ಇಲ್ಲಿ ನೆನಪಾಗುತ್ತದೆ.

ಆದರೆ ಬೆಣ್ಣೆಯಿರುವುದು ಗಿರಾಕಿಯ ಅಂಗೈಯಲ್ಲಿ ಎಂಬುದನ್ನು ಮರೆಯುವಂತಿಲ್ಲ. ಬೆಳಗಿನಿಂದ ನೂರಾರು ಪ್ಲೇಟು ಇಡ್ಲಿ ಸಾಗಿಸಿದ ಮಾಣಿ ಮೂರು ಗಂಟೆಗೆ ಊಟಕ್ಕೆ ಕುಳಿತಾಗ ಎಷ್ಟೋ ಕಡೆಗಳಲ್ಲಿ ಆತನ ತಟ್ಟೆಗೆ ಬೀಳುವುದು ಉಳಿದ ಅನ್ನ ಮತ್ತು ಪಾತ್ರೆಯ ತಳದಲ್ಲಿ ಎರಡು ಬಾರಿ ನೀರು ಕಂಡ ಸಾಂಬಾರು. ಅದರಲ್ಲಿ ಬೇಳೆಯನ್ನು ಹುಡುಕಲು ದೀಪ ಬೇಕು. ಗುಮಾಸ್ತನ ಗತಿ ಬೇರೆಯಾದರೂ ಫಲ ಒಂದೇ. ಲೋಕಲ್ ಗಾಡಿಗೆ ಓಡುವ ಅವಸರದಲ್ಲಿ ಪಾವ್, ಬಿಸ್ಕತ್ತು, ಚಹಾಗಳಲ್ಲಿ ಆತನ ಅರ್ಧ ದಿನ ಕಳೆಯುತ್ತದೆ. 2013ರ ಆಹಾರ ಭದ್ರತಾ ಕಾಯದೆ ಅರ್ಹ ಕುಟುಂಬದ ಪ್ರತಿಯೊಬ್ಬನಿಗೆ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕನ್ನು ಕೊಟ್ಟಿತು; ಬೇಳೆಯ ಹಕ್ಕನ್ನು ಕೊಡಲಿಲ್ಲ. ಹಸಿವು ಹಿಂಗಿತು, ಬೇಳೆಯ ಬಾಕಿ ಉಳಿಯಿತು. ಬೇಳೆಯ ದರ ಏರಿದಾಗಲೆಲ್ಲ ಬಡವನ ಸಾರು ತೆಳುವಾಗುತ್ತದೆ. ಆ ತೆಳುವಾದ ಸಾರಿನ ಪಕ್ಕದಲ್ಲಿ ಲೈಸೀನಿನ ಡಬ್ಬಿ ಬಂದು ನಿಲ್ಲುತ್ತದೆ.

ಆದುದರಿಂದ ನಾವು ಮೂರು ಕಡೆಗೆ ಮೂರು ಮಾತುಗಳನ್ನು ಹೇಳಬಯಸುತ್ತೇವೆ. ದುಡಿಯುವ ಬಂಧುಗಳಿಗೆ: ಡಬ್ಬಿಗೆ ಹಾಕುವ ಹಣವನ್ನು ಕಾಳಿಗೆ ಹಾಕಿರಿ. ಮುಂಬಯಿ, ಪುಣೆಗಳಲ್ಲಿರುವವರಿಗೆ ಮೊಳಕೆಕಾಳಿನ ಉಸಳ್, ಮಿಸಳ್‌ಗಳು ವಡಾಪಾವಿಗಿಂತ ಎಷ್ಟೋ ಮೇಲು. ಚೆನ್ನೈಯವರಿಗೆ ಸುಂಡಲ್, ಹೈದರಾಬಾದಿನವರಿಗೆ ಪೆಸರಟ್ಟು, ದಿಲ್ಲಿಯವರಿಗೆ ರಾಜ್ಮಾ, ಛೋಲೆಗಳು ಕೈಗೆಟಕುತ್ತವೆ. ಊರಿನಿಂದ ಬರುವಾಗ ತಾಯಿ ಕಟ್ಟಿಕೊಡುವ ಹುರುಳಿಯನ್ನು ಹಳ್ಳಿಯ ತಿನಿಸೆಂದು ನಾಚಿ ಮೂಲೆಗಿಡಬೇಡಿರಿ. ಲೈಸೀನಿನ ವಿಷಯದಲ್ಲಿ ಅದು ಯಾವ ಬೇಳೆಗೂ ಬಿಟ್ಟುಕೊಡುವುದಲ್ಲ. ಒಂದೇ ಕೋಣೆಯಲ್ಲಿ ನಾಲ್ಕಾರು ಮಂದಿ ಕೂಡಿ ಇರುವವರು ಬೇಳೆಯ ಖರ್ಚನ್ನು ಹಂಚಿಕೊಂಡರೆ ತಲೆಗೆ ಬೀಳುವ ಭಾರ ಹೆಚ್ಚಾಗದು.

ಹೊಟೇಲು ಮಾಲಕರಿಗೆ: ನಿಮ್ಮಲ್ಲಿ ಅನೇಕರು ಮಾಣಿಯಾಗಿ ಬಂದು ಮಾಲಕರಾದವರು, ತೆಳು ಸಾರಿನ ರುಚಿ ನಿಮಗೆ ಹೊಸತಲ್ಲ. ಕೆಲಸಗಾರರ ಊಟವನ್ನು ಗಿರಾಕಿಗಳ ಊಟದ ಶೇಷವೆಂದು ಎಣಿಸದೆ, ತಲೆಗೆ ಐವತ್ತು ಅರುವತ್ತು ಗ್ರಾಂ ಬೇಳೆಯಂತೆ ತೂಗಿ ಹಾಕಿದ ಬೇರೆ ತೊವ್ವೆಯನ್ನು ದಿನವೂ ಮಾಡಿಸಿರಿ. ಇಪ್ಪತ್ತು ಮಂದಿಗೆ ಅದು ದಿನಕ್ಕೆ ಒಂದು ಕಿಲೋ ಚಿಲ್ಲರೆ ಬೇಳೆಯ ಮಾತು. ಇದನ್ನು ಧರ್ಮವೆಂದು ಕೊಡಬೇಕಾಗಿಲ್ಲ. ಹದಿನಾಲ್ಕು ತಾಸು ನಿಲ್ಲುವ ಕಾಲುಗಳಿಗೆ ಸಲ್ಲಬೇಕಾದ ಮಜೂರಿಯ ಭಾಗವೆಂದೇ ಕೊಡಿರಿ.

ಕನ್ನಡ ಸಂಘಗಳಿಗೆ: ರೇಶನ್ ಕಾರ್ಡಿನ ಧಾನ್ಯವನ್ನು ಈಗ ದೇಶದ ಯಾವ ರಾಜ್ಯದಲ್ಲಿಯೂ ಪಡೆಯಬಹುದೆಂಬುದನ್ನು ಅರಿಯದ ನಮ್ಮವರು ಇದ್ದಾರೆ. ಅವರಿಗೆ ಅದನ್ನು ತಿಳಿಸಿಕೊಡುವುದರೊಂದಿಗೆ, ಆ ಧಾನ್ಯದ ಜೊತೆಯಲ್ಲಿ ಬೇಳೆಯನ್ನೂ ಹಕ್ಕಾಗಿ ಕೊಡಬೇಕೆಂದು ಸರಕಾರಗಳ ಮುಂದೆ ಬೇಡಿಕೆಯಿಡುವುದು ವಾರ್ಷಿಕೋತ್ಸವದ ಹಾರ ತುರಾಯಿಗಳಿಗಿಂತ ಬೆಲೆಯುಳ್ಳ ಸೇವೆಯಾದೀತು.

ಲೈಸೀನ್ ಬೇಕು ಎಂಬ ವಿಜ್ಞಾನದ ಮಾತು ನಿಜ. ಧಾನ್ಯವನ್ನೇ ನೆಚ್ಚಿದವನಿಗೆ ಅದರ ಕೊರತೆ ಬೀಳುತ್ತದೆಂಬುದೂ ನಿಜ. ಅದಕ್ಕೆ ಪರಿಹಾರವನ್ನು ಮೊದಲು ಕೇಳಬೇಕಾದ ಸ್ಥಳ ಔಷಧದ ಅಂಗಡಿಯಲ್ಲ, ಅಡಿಗೆಮನೆ. ಇಂದು ಮೂರು ಗಂಟೆಯ ಊಟಕ್ಕೆ ಕುಳಿತಾಗ ಸೌಟನ್ನು ಪಾತ್ರೆಯ ತಳದವರೆಗೆ ಇಳಿಸಿ ಬಡಿಸೆಂದು ಕೇಳಲು ನಮ್ಮವರಾರೂ ಸಂಕೋಚ ಪಡಬೇಕಾದುದಿಲ್ಲ.